ಉದಗೀರದ ಕೋಟೆಯಲ್ಲಿ ಒಂದು ದಿನ

ಎಳ್ಳಮಾವಾಸ್ಯೆ ಕಳೆದು ಎರಡು ವಾರಗಳಾಗಿದ್ದವು. ಹೊಲಗಳಲ್ಲಿ ಬಿಳಿಜೋಳ ತೆನೆ ಹಿಡಿದಿತ್ತು. ತೊಗರಿಯ ರಾಶಿ ಮುಗಿಯುತ್ತ ಬಂದಿತ್ತು. ಇಂಥ ದಿನಗಳಲ್ಲಿ ಶಾಲೆಯ ಪ್ರವಾಸ ಕೈಕೊಳ್ಳುವುದು ನಮ್ಮ ಕಡೆಯ ವಾಡಿಕೆ. ಈ ಸಲ ಎಲ್ಲಿಗೆ ಹೋಗಬೇಕೆಂಬ ಪ್ರಶ್ನೆ ಎದ್ದಾಗ ಮಕ್ಕಳು ಸಮುದ್ರ ನೋಡಬೇಕೆಂದರು. ಪಾಲಕರು ತುಳಜಾಪುರ, ಪಂಢರಪುರಗಳ ಹೆಸರು ಹೇಳಿದರು. ನಾವು ಉದಗೀರದ ಕೋಟೆಯನ್ನು ಆರಿಸಿದೆವು. ಮಕ್ಕಳ ಮುಖ ಸಪ್ಪೆಯಾದುದು ನಿಜ.

ನಮ್ಮ ಶಾಲೆ ಉಮರ್ಗಾ ತಾಲೂಕಿನ ಒಂದು ಹಳ್ಳಿಯಲ್ಲಿದೆ. ಮಕ್ಕಳು ಮನೆಯಲ್ಲಿ ಆಡುವುದು ಕನ್ನಡ, ಶಾಲೆಯಲ್ಲಿ ಓದುವುದು ಮರಾಠಿ. ಏಳನೆಯ ಇಯತ್ತೆಯ ಯಾವ ಹುಡುಗನನ್ನು ಕೇಳಿದರೂ ಪಾನಿಪತ್ತದ ಯುದ್ಧದ ತಾರೀಖು ತಪ್ಪದೆ ಹೇಳುತ್ತಾನೆ. ಆದರೆ ಪಾನಿಪತ್ತಕ್ಕೆ ನಡೆದ ಸೇನೆ ಅದಕ್ಕೆ ಮುನ್ನ ಗೆದ್ದು ಬಂದ ರಣರಂಗ ತನ್ನ ಊರಿನಿಂದ ನೂರು ಕಿಲೋಮೀಟರಿನ ಆಸುಪಾಸಿನಲ್ಲಿದೆ ಎಂಬುದು ಅವನಿಗೆ ತಿಳಿಯದು. ‘ತಿಳಿದುದರಿಂದ ತಿಳಿಯದುದರ ಕಡೆಗೆ, ಹತ್ತಿರದಿಂದ ದೂರಕ್ಕೆ’ ಎಂದು ಶಿಕ್ಷಕರ ತರಬೇತಿಯ ಕಾಲದಲ್ಲಿ ನಮ್ಮಿಂದ ಬಾಯಿಪಾಠ ಮಾಡಿಸಿದ್ದರು. ಮೂವತ್ತು ವರ್ಷ ಪಾಠ ಹೇಳಿದ ಮೇಲೂ ಆ ಸೂತ್ರಕ್ಕಿಂತ ಉತ್ತಮವಾದುದು ನಮಗೆ ಸಿಕ್ಕಿಲ್ಲ. ಉದಗೀರವನ್ನು ಆರಿಸಲು ಇನ್ನೊಂದು ಕಾರಣವೂ ಇದ್ದಿತು. ಅದನ್ನು ಆಗ ಯಾರಿಗೂ ಹೇಳಿರಲಿಲ್ಲ, ಮುಂದೆ ಹೇಳುತ್ತೇವೆ.

ನಸುಕಿನಲ್ಲಿಯೇ ಎಸ್.ಟಿ. ಬಸ್ಸು ಊರ ಮುಂದೆ ಬಂದು ನಿಂತಿತು. ನಲವತ್ತೆರಡು ಮಕ್ಕಳು, ಮೂವರು ಶಿಕ್ಷಕರು, ಎರಡು ಬುಟ್ಟಿ ರೊಟ್ಟಿ, ಒಂದು ಡಬ್ಬಿ ಶೇಂಗಾ ಚಟ್ನಿ. ಮೊದಲು ಉಮರ್ಗಾದ ಮಹಾದೇವ ದೇವಾಲಯದ ಮುಂದೆ ಬಸ್ಸು ನಿಲ್ಲಿಸಿದೆವು. ಈ ಸೀಮೆಯಲ್ಲಿ ಹಳೆಯ ಕಲ್ಲುಗುಡಿ ಯಾವುದೇ ಇರಲಿ, ಜನರು ‘ಹೇಮಾಡಪಂತಿ’ ಎಂದುಬಿಡುತ್ತಾರೆ. ಹೇಮಾದ್ರಿ ಪಂಡಿತನು ದೇವಗಿರಿಯ ಯಾದವರ ಮಂತ್ರಿ, 13ನೆಯ ಶತಮಾನದವನು. ಉಮರ್ಗಾ, ನಿಲಂಗಾಗಳ ಗುಡಿಗಳ ಶೈಲಿಯಾದರೋ ಅವನಿಗಿಂತ ಹಿಂದಿನ ಕಲ್ಯಾಣ ಚಾಲುಕ್ಯರದು. ಕಲ್ಯಾಣವೇನು ದೂರದ ಊರೆ? ನಮ್ಮ ಹಳ್ಳಿಗಳಿಂದ ಸಂತೆಗೆ ಹೋಗಿ ಸಂಜೆಗೆ ಮರಳಬಹುದಾದ ಬಸವಕಲ್ಯಾಣ. ಇದನ್ನು ಹೇಳಿದಾಗ ಒಬ್ಬ ಹುಡುಗ, ‘ಹಂಗಾರ ಇದು ನಮ್ಮ ಗುಡೀನ ಅನ್ರಿ’ ಎಂದ. ಹಿಂದಿನ ಬೆಂಚಿನಿಂದ ಇನ್ನೊಬ್ಬ, ‘ಮತ್ತ ಇಷ್ಟ ದಿನ ಯಾರದಿತ್ತೋ?’ ಎಂದು ಕೇಳಿದ. ಇತಿಹಾಸದ ಶಿಕ್ಷಕರಿಗೆ ಇಂಥ ಪ್ರಶ್ನೆಗಳೇ ಕಠಿಣ.

ಕಾಸಾರ ಸಿರಸಿ ದಾಟಿ ತೇರಣಾ ನದಿಯನ್ನು ಸಮೀಪಿಸಿದಂತೆ ನಮ್ಮ ಮಾತು ಕಡಿಮೆಯಾಯಿತು. ಈ ನದಿಯ ಕಣಿವೆಯಲ್ಲಿಯೇ ಕಿಲ್ಲಾರಿ ಇದೆ. 1993ರ ಸೆಪ್ಟೆಂಬರ್ 30ರ ನಸುಕಿನ ನಾಲ್ಕು ಗಂಟೆಗೆ ಮುಂಚೆ ನೆಲ ನಡುಗಿ ಹತ್ತು ಸಾವಿರದ ಸಮೀಪ ಜನ ಮಡಿದರು. ಗಣಪತಿಯ ವಿಸರ್ಜನೆ ಮುಗಿಸಿ ಮಲಗಿದ್ದ ಊರುಗಳವು. ಕೊಂದದ್ದು ನೆಲವಲ್ಲ, ಮನೆ. ಗುಂಡುಕಲ್ಲುಗಳನ್ನು ಮಣ್ಣಿನ ಕೆಸರಿನಲ್ಲಿ ಕೂಡಿಸಿ ಎತ್ತಿದ ಎರಡಡಿ, ಮೂರಡಿ ದಪ್ಪದ ಗೋಡೆಗಳು, ಅವುಗಳ ಮೇಲೆ ಹೇರಿದ ಮಣ್ಣಿನ ಮಾಳಿಗೆ, ಎಲ್ಲವೂ ಒಮ್ಮೆಲೆ ಕುಸಿದವು. ನಾವು ಆಗ ಹೊಸದಾಗಿ ಕೆಲಸಕ್ಕೆ ಸೇರಿದ್ದೆವು. ಆ ವಾರ ಕಂಡುದನ್ನು ಇಲ್ಲಿ ಬರೆಯುವುದಿಲ್ಲ. ಆದರೆ ಒಂದು ಮಾತು ಹೇಳದೆ ಗತ್ಯಂತರವಿಲ್ಲ: ಆ ದಿನದಿಂದ ನಮ್ಮ ಸೀಮೆಯ ಜನರಿಗೆ ಹಳೆಯ ಕಲ್ಲುಗೋಡೆ ಎಂದರೆ ಭಯ. ವಾಡೆಗಳನ್ನು ಕೆಡವಿದರು, ಕೆತ್ತಿದ ಬಾಗಿಲುವಾಡಗಳನ್ನು ಮಾರಿದರು. ಅವರನ್ನು ಹಳಿಯುವ ಅಧಿಕಾರ ಯಾರಿಗಿದೆ? ಕಲ್ಲಿನ ಕೋಟೆಯನ್ನು ಕಾಪಾಡಿರೆಂದು ಇಲ್ಲಿಯ ಮಕ್ಕಳಿಗೆ ಹೇಳುವಾಗ, ಅವರ ಅಜ್ಜಿ ಇಂದಿಗೂ ಕಲ್ಲುಮನೆಯೊಳಗೆ ನಿದ್ದೆ ಮಾಡಲಾರಳು ಎಂಬುದನ್ನು ನೆನಪಿಟ್ಟುಕೊಂಡೇ ಹೇಳಬೇಕಾಗುತ್ತದೆ.

ನಿಲಂಗಾದ ನೀಲಕಂಠೇಶ್ವರ ಗುಡಿಯನ್ನು ಅರ್ಧ ಗಂಟೆಯಲ್ಲಿ ಮುಗಿಸಿದೆವು, ಅದಕ್ಕೆ ಅರ್ಧ ದಿನವಾದರೂ ಬೇಕಿತ್ತು. ಮುಂದೆ ಮಾಂಜರಾ ನದಿ. ಆಚೆಗೆ ದೇವಣಿಯ ಸೀಮೆ. ಬಿಳಿಯ ಮೈಮೇಲೆ ಕಪ್ಪು ಮಚ್ಚೆಯ ದೇವಣಿ ತಳಿಯ ದನಗಳು ಹೊಲದ ಬದುವಿನಲ್ಲಿ ನಿಂತುದನ್ನು ಕಂಡು, ಕೋಟೆಗಿಂತ ಇವೇ ಚೆಂದ ಎಂದು ಒಕ್ಕಲಿಗರ ಮಕ್ಕಳು ತೀರ್ಪಿತ್ತರು.

ಉದಗೀರದ ಹೆಸರಿಗೆ ಹಿರಿಯರು ಹೇಳುವ ಕಥೆಯೊಂದಿದೆ. ಋಷಿಯೊಬ್ಬನು ಇಲ್ಲಿ ತಪಸ್ಸು ಮಾಡಲು ಶಿವನು ಮೆಚ್ಚಿ ನೆಲದೊಳಗಿಂದ ಲಿಂಗರೂಪದಿಂದ ಮೆಲ್ಲಮೆಲ್ಲನೆ ಉದಯಿಸಿದನಂತೆ, ಆದುದರಿಂದ ಉದಯಗಿರಿ. ಕಥೆಯನ್ನು ನಂಬುವುದು ಬಿಡುವುದು ಅವರವರಿಗೆ ಸೇರಿದ್ದು. ಆದರೆ ಕೋಟೆಗಿಂತ ಹೆಸರು ಹಳೆಯದೆಂಬ ಜನರ ನಂಬಿಕೆ ಗಮನಿಸತಕ್ಕದ್ದು.

ಕೋಟೆಯೆಂದರೆ ಬೆಟ್ಟದ ನೆತ್ತಿಯ ಮೇಲಿರಬೇಕೆಂದು ಮಕ್ಕಳು ಎಣಿಸಿದ್ದರು. ಉದಗೀರದ್ದು ಹಾಗಲ್ಲ. ಊರ ನೆಲದ ಮಟ್ಟಕ್ಕೇ ಕಟ್ಟಿದ ಕೋಟೆಯಾದುದರಿಂದ ಸುತ್ತ ಸುಮಾರು 40 ಅಡಿ ಆಳದ ಕಂದಕವನ್ನು ತೋಡಿದ್ದಾರೆ. ದೂರದಿಂದ ಕೋಟೆ ಗಿಡ್ಡಗೆ ಕಾಣುತ್ತದೆ; ಕಂದಕದ ಅಂಚಿಗೆ ಬಂದು ಬಗ್ಗಿ ನೋಡಿದಾಗಲೇ ಗೋಡೆಯ ನಿಜವಾದ ಎತ್ತರ ತಿಳಿಯುವುದು. ಬಾಗಿಲ ಹಿಂದೆ ಬಾಗಿಲು, ತಿರುವಿನ ಹಿಂದೆ ತಿರುವು. ಆನೆಗಳು ಓಡಿಬಂದು ಕದಕ್ಕೆ ಗುದ್ದಬಾರದೆಂದು ದಾರಿಯನ್ನು ಹೀಗೆ ಮುರಿದಿರುತ್ತಾರೆಂದು ಹೇಳಿದಾಗ ಹುಡುಗರು ಅಲ್ಲಿಯೇ ಆನೆಗಳಾಗಿ ಓಡಿ ಪ್ರಯೋಗ ಮಾಡಿ ನೋಡಿದರು. ಯಾರಿಗೂ ವೇಗ ಸಿಗಲಿಲ್ಲ. ಪಾಠ ಅಲ್ಲಿಗೆ ಮುಗಿಯಿತು.

ಬೀದರಿನ ಬಹಮನಿ ಸುಲ್ತಾನರ ಆಳ್ವಿಕೆಯಲ್ಲಿ ಈ ಕೋಟೆಗೆ ಮಹತ್ವ ಬಂದಿತು. ರಾಜ್ಯ ಒಡೆದಾಗ, 15ನೆಯ ಶತಮಾನದ ಕೊನೆಯಲ್ಲಿ, ಔಸಾ ಮತ್ತು ಕಂಧಾರಗಳೊಡನೆ ಉದಗೀರವೂ ಬರೀದಶಾಹಿಯ ಮೂಲಪುರುಷ ಕಾಸಿಂ ಬರೀದನ ಕೈಸೇರಿತು. 1636ರಲ್ಲಿ ಶಹಾಜಹಾನನ ಸೇನೆ ಮುತ್ತಿದಾಗ ಕೋಟೆಯನ್ನು ಕಾದವನು ಸಿದ್ದಿ ಮಿಫ್ತಾಹ್ ಎಂಬ ಹಬಶಿ ಸರದಾರ. ಕೆಲವು ತಿಂಗಳು ಎದುರಿಸಿ ಕಡೆಗೆ ಶರಣಾದ. ಮೊಗಲರ ತರುವಾಯ ಹೈದರಾಬಾದಿನ ನಿಜಾಮರು. 1760ರ ಫೆಬ್ರುವರಿ 3ರಂದು ಈ ಪರಿಸರದಲ್ಲಿ ನಡೆದ ಯುದ್ಧದಲ್ಲಿ ಸದಾಶಿವರಾವ್ ಭಾವೂನ ಮರಾಠಾ ಸೇನೆ ನಿಜಾಮನ ದಂಡನ್ನು ಸೋಲಿಸಿತು. ಇಬ್ರಾಹಿಂ ಖಾನ್ ಗಾರ್ದಿಯ ತೋಪುಗಳು ಅಂದಿನ ಗೆಲುವಿಗೆ ಮುಖ್ಯ ಕಾರಣ. ಅವನು ಅದಕ್ಕೆ ಮೊದಲು ನಿಜಾಮನ ಕಡೆಯೇ ಕೆಲಸ ಮಾಡಿದ್ದವನು. ಒಪ್ಪಂದದಲ್ಲಿ ದೌಲತಾಬಾದ, ಬುರ್ಹಾನಪುರ, ವಿಜಾಪುರಗಳು ಪೇಶ್ವೆಗೆ ಸೇರಿದವು. ಆ ಗೆಲುವಿನ ಹುರುಪಿನಲ್ಲಿಯೇ ಭಾವೂನಿಗೆ ಉತ್ತರದ ದಂಡಯಾತ್ರೆಯ ಹೊಣೆ ಬಂದಿತು. 1761ರ ಜನವರಿ 14ರ ಪಾನಿಪತ್ತದ ಯುದ್ಧದ ತರುವಾಯ ಭಾವೂನೂ ಗಾರ್ದಿಯೂ ಉಳಿಯಲಿಲ್ಲ. ಸಂಕ್ರಾಂತಿಯ ಹೊತ್ತಿನಲ್ಲಿ ಪಾನಿಪತ್ತದ ಹೆಸರೆತ್ತಿ ನಿಟ್ಟುಸಿರಿಡುವ ನಮ್ಮ ನೆರೆಹೊರೆಯ ಹಿರಿಯರು ಉದಗೀರದ ಹೆಸರನ್ನು ಎತ್ತುವುದೇ ಇಲ್ಲ. ಸೋಲು ನೆನಪಿನಲ್ಲಿ ಉಳಿಯುವಷ್ಟು ಗೆಲುವು ಉಳಿಯದೋ ಏನೋ.

ವಾಚಕರಲ್ಲಿ ಅನೇಕರಿಗೆ ಸಮೀಪದ ಇತಿಹಾಸವೂ ಮರೆತಿರಬಹುದು. 1948ರ ಪೋಲೀಸ್ ಕಾರ್ಯಾಚರಣೆಯ ಕಾಲಕ್ಕೆ ಉದಗೀರ, ನಿಲಂಗಾಗಳು ಬೀದರ ಜಿಲ್ಲೆಯ ತಾಲೂಕುಗಳು. 1956ರ ನವೆಂಬರ್ 1ರಂದು ಬೀದರ ಜಿಲ್ಲೆ ಮೂರು ರಾಜ್ಯಗಳಿಗೆ ಹಂಚಿಹೋಯಿತು. ಉದಗೀರ, ನಿಲಂಗಾ, ಅಹಮದಪುರಗಳ ಬಹುಭಾಗ ಅಂದಿನ ಮುಂಬಯಿ ರಾಜ್ಯದ ಉಸ್ಮಾನಾಬಾದ ಜಿಲ್ಲೆಗೆ ಬಂದಿತು. 1982ರಲ್ಲಿ ಲಾತೂರು ಬೇರೆ ಜಿಲ್ಲೆಯಾಯಿತು. 2023ರಲ್ಲಿ ಉಸ್ಮಾನಾಬಾದ ಧಾರಾಶಿವವಾಯಿತು. ಕೋಟೆ ಒಂದಡಿಯೂ ಅಲುಗದೆ ಇಷ್ಟು ಸಲ ವಿಳಾಸ ಬದಲಿಸಿತು! ಕನ್ನಡ, ಮರಾಠಿ, ಉರ್ದು ಮೂರನ್ನೂ ಒಂದೇ ಅಂಗಡಿಯ ಕಟ್ಟೆಯ ಮೇಲೆ ಆಡುವ ಜನ ಇಲ್ಲಿ ಇಂದಿಗೂ ಇದ್ದಾರೆ. ನಮ್ಮ ಎಳ್ಳಮಾವಾಸ್ಯೆಯನ್ನು ಲಾತೂರು ಕಡೆಯ ಮರಾಠಿ ರೈತರು ‘ವೇಳ ಅಮಾವಾಸ್ಯೆ’ ಎಂದು ಅದೇ ಹೊಲದೂಟ, ಅದೇ ಅಂಬಲಿಯೊಡನೆ ಮಾಡುತ್ತಾರೆ. 2022ರ ಏಪ್ರಿಲ್‌ನಲ್ಲಿ ಅಖಿಲ ಭಾರತೀಯ ಮರಾಠಿ ಸಾಹಿತ್ಯ ಸಮ್ಮೇಳನ ಉದಗೀರದಲ್ಲಿ ಸೇರಿದಾಗ ಊಟದ ಪಂಕ್ತಿಯಲ್ಲಿ ಕನ್ನಡ ಕೇಳಿಬಂದಿತೆಂದು ಗೆಳೆಯರು ಹೇಳಿದರು, ಸಂತೋಷವಾಯಿತು.

ಕೋಟೆಯೊಳಗೆ ದರಬಾರಿನ ಸಭಾಗೃಹಗಳು, ಅರಮನೆಯ ಭಾಗಗಳು, ಅರಬ್ಬಿ–ಪಾರಸಿ ಶಾಸನಗಳು ಇವೆ. ಆದರೆ ಜನ ಬರುವುದು ಇವುಗಳಿಗಾಗಿ ಅಲ್ಲ. ಉದಗೀರ ಮಹಾರಾಜರ ಸಮಾಧಿಗಾಗಿ. ನೆಲದ ಮಟ್ಟದಿಂದ ಸುಮಾರು 60 ಅಡಿ ಕೆಳಗೆ ಅದು ಇದೆ. ಹೊರಗಿನ ಬಿಸಿಲಿನಿಂದ ಇಳಿದು ಹೋದಂತೆ ತಂಪು ಮೈಗೆ ತಾಗುತ್ತದೆ. ಮಕ್ಕಳ ಗದ್ದಲ ತಾನಾಗಿಯೇ ಅಡಗುತ್ತದೆ. ನಾವು ಇಳಿದಾಗ ಒಂದು ಕುಟುಂಬ ತೆಂಗಿನಕಾಯಿ ಒಡೆಸುತ್ತಿತ್ತು. ಸೊಸೆಯ ಮಾತು ಮರಾಠಿ, ಅತ್ತೆಯ ಮಾತು ಕನ್ನಡ, ಕೂಸಿನ ಅಳು ಎರಡಕ್ಕೂ ಸಾಮಾನ್ಯ. ಅಲ್ಲಿಯ ನೆಲ ಗುಡಿಸಿದೆ, ದೀಪಕ್ಕೆ ಎಣ್ಣೆ ಇದೆ. ಮೇಲೆ ಬಂದು ಅರಮನೆಯ ಅಂಗಳಕ್ಕೆ ಕಾಲಿಟ್ಟರೆ ಸುಲ್ತಾನನ ಸಭೆಯಲ್ಲಿ ಮುಳ್ಳುಕಂಟಿ, ಗೋಡೆಯ ಸಂದಿನಲ್ಲಿ ಅರಳಿಯ ಗಿಡ, ಮೂಲೆಯಲ್ಲಿ ಖಾಲಿ ನೀರಿನ ಬಾಟಲಿಗಳು. ಕೆಲವೆಡೆ ಹೊಸ ದುರಸ್ತಿಯಾಗಿದೆ, ಇಲ್ಲವೆನ್ನಲಾಗದು. ಆದರೂ ಭಕ್ತರುಳ್ಳ ಜಾಗಕ್ಕೂ ಬರಿಯ ನೋಟಕರುಳ್ಳ ಜಾಗಕ್ಕೂ ಇರುವ ಅಂತರವನ್ನು ಅರವತ್ತು ಅಡಿಗಳಲ್ಲಿ ಕಂಡೆವು.

ಸಭಾಗೃಹವೊಂದರ ಒಳಗೋಡೆಯ ಗಚ್ಚಿನ ಮೇಲೆ ಹೆಸರುಗಳು ತುಂಬಿವೆ. ಇದ್ದಿಲಿನವು, ಮೊಳೆಯಿಂದ ಗೀರಿದವು, ಹೃದಯದೊಳಗೆ ಬಾಣ ಹಾಯಿಸಿದವು. ನಾವು ಅದರ ಮುಂದೆ ನಿಂತು ದೊಡ್ಡ ದನಿಯಲ್ಲಿ ಮಕ್ಕಳಿಗೆ ಎಚ್ಚರಿಕೆ ಹೇಳುತ್ತಿದ್ದೆವು: ಐದು ನೂರು ವರ್ಷ ಬಾಳಿದ ಗೋಡೆಯನ್ನು ಹೀಗೆ ಕೆಡಿಸುವವರು ಅವಿದ್ಯಾವಂತರು ಎಂದು. ಅಷ್ಟರಲ್ಲಿ ನಮ್ಮ ಹಿಂದಿನಿಂದ ಒಬ್ಬ ಹುಡುಗಿಯ ದನಿ.

‘ಗುರೂಜಿ, ಇಲ್ಲೊಂದು ಕನ್ನಡದಾಗ ಅದರಿ.’

ಆಕೆಗೆ ಕನ್ನಡ ಅಕ್ಷರ ಕಲಿಸಿದವರು ನಾವೇ, ಶನಿವಾರಗಳಂದು ಶಾಲೆ ಬಿಟ್ಟ ಮೇಲೆ. ಆಕೆ ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ಊರಿನ ಹೆಸರು, ಆಮೇಲೆ ಹುಡುಗನ ಹೆಸರು, ಆಮೇಲೆ 1983. ಓದಿ ಮುಗಿಸಿ ನಮ್ಮ ಮುಖ ನೋಡಿದಳು.

‘ಗುರೂಜಿ, ಇದು ನಿಮ್ಮ ಹೆಸರ ಅಲ್ರೀ?’

ಮರೆತಿದ್ದೆವೆಂದರೆ ಅದು ಅರ್ಧಸತ್ಯವಾದೀತು. 1983ರಲ್ಲಿ ಇದೇ ಏಳನೆಯ ಇಯತ್ತೆಯಲ್ಲಿದ್ದಾಗ ಶಾಲೆಯ ಪ್ರವಾಸದಲ್ಲಿ ನಾವು ಇಲ್ಲಿಗೆ ಬಂದಿದ್ದೆವು. ನಮ್ಮ ಇಯತ್ತೆಯಲ್ಲಿ ಕನ್ನಡ ಮನೆಮಾತಿನವರು ನಾಲ್ಕೈದು ಜನ. ಗೋಡೆಯ ಮೇಲೆ ಅಷ್ಟು ಹೆಸರುಗಳಿದ್ದೂ ಕನ್ನಡದಲ್ಲಿ ಒಂದೂ ಇಲ್ಲವೆಂದು ನಮಗೆ ಅನ್ನಿಸಿತು. ಅಕ್ಷರವನ್ನು ತಂದೆಯವರು ಮನೆಯಲ್ಲಿ ಹಾಡುಗಬ್ಬ, ಪುರಾಣ ಓದಿಸಿ ಕಲಿಸಿದ್ದರು. ಚೀಲದಲ್ಲಿ ಕಂಪಾಸ ಪೆಟ್ಟಿಗೆ ಇತ್ತು. ಕೈವಾರದ ಮುಳ್ಳಿನಿಂದ, ಗುರುಗಳು ಆಚೆ ತಿರುಗಿದ ಹೊತ್ತು ನೋಡಿ, ಆಳವಾಗಿ ಗೀರಿದೆವು. ಆ ದಿನ ಅದು ತಪ್ಪೆಂದು ಒಂದು ಕ್ಷಣವೂ ಅನ್ನಿಸಲಿಲ್ಲ. ಭಾಷೆಯ ಸೇವೆ ಮಾಡಿದಂತೆ ಎದೆ ಉಬ್ಬಿತ್ತು. ಉಳಿದ ಹೆಸರುಗಳು ಮಸುಕಾಗಿವೆ. ನಮ್ಮದು ಮಾತ್ರ ಸ್ಪಷ್ಟವಾಗಿದೆ. ನೋಡಿ ಬರಬೇಕೆಂಬ ಆಸೆ, ಅಳಿಸಿಹೋಗಿರಲೆಂಬ ಆಸೆ, ಎರಡೂ ಕೂಡಿಯೇ ನಮ್ಮನ್ನು ಈ ಸಲ ಉದಗೀರಕ್ಕೆ ಎಳೆದು ತಂದಿದ್ದವು.

ಈ ನಾಡಿನಲ್ಲಿ ಕನ್ನಡಕ್ಕೆ ಗುರುತಿನ ಕೊರತೆ ಎಂದೂ ಇರಲಿಲ್ಲವೆಂಬುದು ಆ ಹುಡುಗನಿಗೆ ತಿಳಿದಿರಲಿಲ್ಲ. ರಾಷ್ಟ್ರಕೂಟರು ತಮ್ಮನ್ನು ಲಟ್ಟಲೂರು ಪುರವರಾಧೀಶ್ವರರೆಂದು ಕರೆದುಕೊಂಡರು. ಆ ಲಟ್ಟಲೂರೇ ಇಂದಿನ ಲಾತೂರು. ನೆರೆಯ ದೇಗಲೂರು ತಾಲೂಕಿನ ಹೊಟ್ಟಲದಲ್ಲಿ ಚಾಲುಕ್ಯರ ಕಾಲದ ಕನ್ನಡ ಶಾಸನಗಳಿವೆ. ಇಂಥ ಶಾಸನಗಳನ್ನು ಕೆತ್ತಿಸಿದವರು ಭೂಮಿ ಕೊಟ್ಟರು, ಕೆರೆ ಕಟ್ಟಿಸಿದರು, ಆಮೇಲೆ ತಮ್ಮ ಹೆಸರು ಬರೆಸಿದರು. ಕೊನೆಯಲ್ಲಿ ಒಂದು ಶಾಪ ಹಾಕಿಸುವುದೂ ಕನ್ನಡ ಶಾಸನಗಳ ಪದ್ಧತಿ: ಈ ಧರ್ಮವನ್ನು ಅಳಿದವನಿಗೆ ವಾರಣಾಸಿಯಲ್ಲಿ ಸಾವಿರ ಕವಿಲೆಗಳನ್ನು ಕೊಂದ ಪಾಪ ತಟ್ಟಲಿ ಎಂದು. ಕನ್ನಡದಲ್ಲಿಯೇ ಕಲ್ಲಿನ ಮೇಲೆ ಇಟ್ಟ ಆ ಶಾಪ, ಕನ್ನಡದಲ್ಲಿಯೇ ಗೋಡೆ ಕೆಡಿಸಿದವನಿಗೆ ತಟ್ಟದೆ ಬಿಟ್ಟೀತೇ?

ಮಕ್ಕಳೆದುರು ಸುಳ್ಳು ಹೇಳುವ ದಾರಿ ಇತ್ತು. ಅದೇ ಹೆಸರಿನವರು ಊರಲ್ಲಿ ಇನ್ನೂ ಇಬ್ಬರಿದ್ದಾರೆ. ಆದರೆ ಆ ಹುಡುಗಿ ನಮ್ಮ ಅಕ್ಷರವನ್ನು ಹಲಗೆಯ ಮೇಲೆ ದಿನಾಲು ನೋಡುವವಳು. ‘ಹೌದು, ನಾವೇ ಬರೆದದ್ದು, ತಪ್ಪು ಮಾಡಿದೆವು’ ಎಂದೆವು. ಕೆಲವರು ನಕ್ಕರು. ಹೆಚ್ಚಿನವರು ನಗಲಿಲ್ಲ, ಅದೇ ಕಷ್ಟವಾಯಿತು.

ಅಂಗಳದಲ್ಲಿ ದುರಸ್ತಿಯ ಕೆಲಸ ಬಲ್ಲ ಹಿರಿಯ ಗೌಂಡಿಯೊಬ್ಬರು ನೆರಳಿಗೆ ಕುಳಿತಿದ್ದರು. ಮೂಲತಃ ಭಾಲ್ಕಿ ಕಡೆಯವರು, ತಂದೆಯ ಕಾಲದಿಂದ ಸುಣ್ಣದ ಕೆಲಸ. ಅವರನ್ನು ಕರೆದು ತೋರಿಸಿ, ಇದನ್ನು ಕೆರೆದು ಅಳಿಸಬಹುದೇ, ಖರ್ಚು ಎಷ್ಟಾದರೂ ಕೊಡುತ್ತೇವೆ ಎಂದು ಕೇಳಿದೆವು. ಅವರು ಬೆರಳಿನಿಂದ ಗೀರನ್ನು ಸವರಿ ನೋಡಿದರು.

‘ಕೆರಿಬ್ಯಾಡ್ರಿ ಮಾಸ್ತರ. ಗಚ್ಚಿಗಿ ಮ್ಯಾಲ ಒಂದು ಚರ್ಮ ಇರ್ತದ. ನೀವು ಮೊಳಿಲೆ ಹೊಡದ್ದು ಗೆರಿಯಷ್ಟ ಅದ. ಕೆರದ್ರ ಚರ್ಮನೇ ಹೋಗ್ತದ. ಆಮ್ಯಾಲ ನೀರು ಒಳಗ ಇಳೀತದ. ಒಂದು ಹೆಸರ ಅಳಸಾಕ ಹೋಗಿ ಗ್ವಾಡಿ ಕಳಕೋತೀರಿ.’

ಅರ್ಧ ಗಂಟೆ ಅವರೇ ನಮ್ಮ ಮಕ್ಕಳಿಗೆ ಗುರುಗಳಾದರು. ಸುಟ್ಟ ಸುಣ್ಣವನ್ನು ನೀರಿನಲ್ಲಿ ಅರಳಿಸಿ ಗುಂಡಿಯಲ್ಲಿ ವಾರಗಟ್ಟಲೆ ಕೊಳೆಹಾಕಬೇಕು. ಮರಳು ಕೂಡಿಸಿ ಗಾಣದಲ್ಲಿ ಅರೆಯಬೇಕು. ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಬೆರೆಸಬೇಕು. ಅಂಥ ಗಚ್ಚು ಒಣಗಲು ತಡ, ಆದರೆ ಉಸಿರಾಡುತ್ತದೆ: ಒಳಗೆ ಹೊಕ್ಕ ತೇವ ಹೊರಬರುತ್ತದೆ. ಅದರ ಮೇಲೆ ಸಿಮೆಂಟು ಮೆತ್ತಿದರೆ ಕೆಲಸ ಬೇಗ ಮುಗಿಯುತ್ತದೆ, ಫೋಟೋ ಚೆನ್ನಾಗಿ ಬರುತ್ತದೆ. ಆದರೆ ತೇವ ಒಳಗೇ ಸಿಕ್ಕಿಬಿದ್ದು ಪಕ್ಕದ ಹಳೆಯ ಕಲ್ಲನ್ನೇ ತಿನ್ನುತ್ತದೆ. ಅರಳಿಯ ಗಿಡವನ್ನು ಮೇಲಿಂದ ಕಡಿದರೆ ಪ್ರಯೋಜನವಿಲ್ಲ. ಹಕ್ಕಿ ತಂದ ಬೀಜ ಬೇರಿಳಿಸಿ ಕಲ್ಲನ್ನು ಸೀಳುತ್ತದೆ. ಕಲ್ಲು ಬಿಡಿಸಿ, ಬೇರು ತೆಗೆದು, ಮತ್ತೆ ಅದೇ ಕಲ್ಲನ್ನು ಅದೇ ಜಾಗದಲ್ಲಿ ಕೂಡಿಸಬೇಕು. ‘ಕಿಲ್ಲಾರಿಯಾಗ ಬಿದ್ದದ್ದು ಮಣ್ಣಿನ ಗ್ವಾಡಿ, ಕಲ್ಲಿಗಿ ಕಲ್ಲು ಕಟ್ಟಿರಲಿಲ್ಲ’ ಎಂದು ಅವರು ಹೇಳಿದಾಗ ನಮ್ಮ ಮಕ್ಕಳಲ್ಲಿ ಇಬ್ಬರು ಮೊದಲ ಸಲ ಗೋಡೆಗೆ ಒರಗಿ ಕುಳಿತರು. ಪುಸ್ತಕ ಬರೆದವರು ಹತ್ತು ಪುಟದಲ್ಲಿ ಹೇಳುವುದನ್ನು ಅವರು ಒಂದು ಹಿಡಿ ಸುಣ್ಣದಿಂದ ಹೇಳಿದರು.

ಗೌಂಡಿಯ ಮಾತು ಕೇಳುವಾಗ ನಮಗೆ ಜರ್ಮನಿಯ ಹೈಡೆಲ್‌ಬರ್ಗ್ ಕೋಟೆಯ ವಾದ ನೆನಪಾಯಿತು. 17ನೆಯ ಶತಮಾನದ ಕೊನೆಗೆ ಫ್ರೆಂಚರ ಸೇನೆ ಅದನ್ನು ಎರಡು ಸಲ ಹಾಳುಗೆಡವಿತು. 1764ರಲ್ಲಿ ಸಿಡಿಲು ಬಡಿಯಿತು. 1900ರ ಸುಮಾರಿಗೆ ಅದನ್ನೆಲ್ಲ ಹೊಸದಾಗಿ ಕಟ್ಟಬೇಕೆಂದು ಒಂದು ಪಕ್ಷ ಹೊರಟಾಗ, ಗೇಯಾರ್ಗ್ ಡೇಹಿಯೊ ಎಂಬ ಕಲಾ ಇತಿಹಾಸಕಾರರು ವಿರೋಧಿಸಿದರು: ಉಳಿದುದನ್ನು ಉಳಿಸಿರಿ, ಇಲ್ಲದುದನ್ನು ಕಲ್ಪಿಸಿ ಕಟ್ಟಬೇಡಿರಿ ಎಂಬುದು ಅವರ ವಾದದ ಸಾರ. ಒಂದು ಭಾಗವನ್ನು ಬಿಟ್ಟು ಉಳಿದುದು ಇಂದಿಗೂ ಭಗ್ನವಾಗಿಯೇ ನಿಂತಿದೆ. ಲಕ್ಷಾವಧಿ ಜನ ಅದನ್ನೇ ನೋಡಲು ಬರುತ್ತಾರೆ. ನಮ್ಮ ಕಡೆ ಕೋಟೆಯ ಮಾತು ಬಂದರೆ ಬಣ್ಣದ ದೀಪ, ಕಾರಂಜಿ, ಹೊಸ ಕಮಾನು ಇವುಗಳ ಮಾತೇ ಮೊದಲು ಬರುತ್ತದೆ. ಉದಗೀರಕ್ಕೆ ಬೇಕಾದುದು ಮಳೆಗಾಲಕ್ಕೆ ಮುಂಚೆ ಬೇರು ಕೀಳುವವರು, ನೀರು ಹರಿಯುವ ತೂಬು ಬಿಡಿಸುವವರು, ಸುಣ್ಣ ಅರೆಯಬಲ್ಲ ನಾಲ್ಕು ಗೌಂಡಿಗಳು. ಆ ಹಿರಿಯರ ಮಗ ಪುಣೆಯಲ್ಲಿ ಮೋಟಾರು ಓಡಿಸುತ್ತಾನಂತೆ. ಕೆಲಸ ಕಲಿಯಲು ಯಾರೂ ಬರುವುದಿಲ್ಲವೆಂದರು.

ಮಧ್ಯಾಹ್ನ ಕಂದಕದ ಅಂಚಿನ ಬೇವಿನ ನೆರಳಿನಲ್ಲಿ ರೊಟ್ಟಿ ಬಿಚ್ಚಿದೆವು. ಗೌಂಡಿಯವರೂ ನಮ್ಮೊಡನೆ ಕುಳಿತರು. ಊಟವಾದ ಮೇಲೆ ಹೇಳದೆಯೇ ಹುಡುಗರು ಎರಡು ಗೋಣಿಚೀಲ ತುಂಬ ಬಾಟಲಿ, ಪ್ಲಾಸ್ಟಿಕ್ ಆರಿಸಿ ತಂದರು. ಬಸ್ಸಿನ ಮೇಲೆ ಹಾಕಿಕೊಂಡು ಊರ ಹೊರಗಿನ ತಿಪ್ಪೆಗೆ ಸೇರಿಸಿದೆವು.

ಮರುವಾರ ‘ನಾನು ಕಂಡ ಕೋಟೆ’ ಎಂದು ಮರಾಠಿಯಲ್ಲಿ ಪ್ರಬಂಧ ಬರೆಯಿಸಿದೆವು. ಆ ಹುಡುಗಿ ಕಂದಕದ ಆಳ, ಯುದ್ಧದ ತಾರೀಖು, ಸುಣ್ಣಕ್ಕೆ ಹಾಕುವ ಬೆಲ್ಲ ಎಲ್ಲ ಬರೆದಿದ್ದಳು. ಕೊನೆಗೆ ಒಂದು ವಾಕ್ಯ: ಗೋಡೆಯ ಮೇಲೆ ನಮ್ಮ ಗುರೂಜಿಯವರ ಹೆಸರು ಕನ್ನಡದಲ್ಲಿದೆ, ಅದನ್ನು ಬರೆಯಬಾರದಾಗಿತ್ತು, ಈಗ ಅಳಿಸಲೂ ಬಾರದು. ಹ್ರಸ್ವ–ದೀರ್ಘದ ಎರಡು ತಪ್ಪುಗಳಿದ್ದವು. ಅವನ್ನು ಕೆಂಪು ಮಸಿಯಿಂದ ತಿದ್ದಿದೆವು. ವಾಕ್ಯವನ್ನು ಹಾಗೆಯೇ ಬಿಟ್ಟೆವು.